ಇಪ್ಪತ್ತಕ್ಕೆ ನಾಲ್ಕು

ಜೂನ್ ೧೪, ಶುಕ್ರವಾರ

ನನ್ನ ಹೆಂಡತಿ ಎವಂಥಿಯಾಳ ಕಪಾಟಿನಲ್ಲಿ ಬರೆಯದ ನೋಟುಪುಸ್ತಕಗಳು ಹನ್ನೊಂದು ಇದ್ದವು. ಶಾಲೆಯ ಮಕ್ಕಳಿಗೆಂದು ತಂದಿಟ್ಟದ್ದು. ಒಂದನ್ನು ತೆಗೆದುಕೊಂಡೆ. ಯಾರ ಅಪ್ಪಣೆ ಕೇಳಬೇಕಿತ್ತು?

ನಲವತ್ತು ವರ್ಷ ಟೀಚರ ಗಂಡನಾಗಿ ಬಾಳಿದರೂ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದುವುದೆಂದರೆ ಕಲ್ಲು ಎತ್ತಿಟ್ಟ ಹಾಗೆ, ಒಂದಾದ ಮೇಲೆ ಒಂದು. ಬರೆಯುವುದು ಪರವಾಗಿಲ್ಲ. ಅಕ್ಷರ ನನ್ನ ಕೈಗಾಗಿ ಕಾಯುತ್ತದೆ. ತಪ್ಪಾದರೆ ಕೆಂಪು ಪೆನ್ಸಿಲು ಹಿಡಿದು ಬರುವವಳು ಫೆಬ್ರವರಿಯಿಂದ ಇಲ್ಲ.

ಇವತ್ತು ನಮ್ಮ ಮನೆಯ ಕೆಳಗಿನ ಬಯಲು ಸಿನಿಮಾ ಈ ಬೇಸಿಗೆಗೆ ಬಾಗಿಲು ತೆರೆಯಿತು. ನಮ್ಮ ಬಾಲ್ಕನಿಯಿಂದ ಪರದೆ ಪೂರ್ತಿ ಕಾಣುತ್ತದೆ, ಬಲಗಡೆ ಒಂದು ಮೂಲೆಯನ್ನು ಅಂಜೂರದ ಮರ ತಿನ್ನುತ್ತದೆ. ಬೆಳಗ್ಗೆ ಮಾಲೀಕ ಅರ್ಗೀರಿಸ್ ಪೈಪು ಹಿಡಿದು ಜಲ್ಲಿಗೆ ನೀರು ಬಿಡುತ್ತಿದ್ದ. ನನ್ನನ್ನು ಕಂಡು ಕೆಳಗಿನಿಂದಲೇ ಕೂಗಿದ.

“ಸ್ತೆರ್ಯೋ! ಜುಲೈನಲ್ಲಿ ಆ ಹೊಸ ಪಿಕ್ಚರ್ ಬರ್ತಿದೆ. ಗೊತ್ತಲ್ಲ, ನಮ್ಮ ಮಹಾಕಾವ್ಯದ್ದು. ರಾಜ ಯುದ್ಧ ಮುಗ್ಸಿ ಮನೆಗೆ ಬರೋದು.”

“ಬರಲಿ.”

“ಬರಲಿ ಅಂದ್ರೆ ಆಯ್ತಾ? ಟೀಚರಮ್ಮನ ಚೀಟಿ ಇಲ್ದೆ ನಾನು ಆ ಪಿಕ್ಚರ್ ಹೆಂಗೆ ಹಾಕ್ಲಿ? ಜನ ಬಂದು ಮೊದ್ಲು ಕೇಳೋದೇ ಅದನ್ನ.”

ಅವಳ ಚೀಟಿಯೆಂದರೆ ಈ ಬೀದಿಯಲ್ಲಿ ದೊಡ್ಡ ವಿಷಯ. ಹಳೆಯ ಕಾಲದ ಸಿನಿಮಾ ಯಾವುದೇ ಬರಲಿ, ಮಾರನೆಯ ಬೆಳಗ್ಗೆ ಎವಂಥಿಯಾ ಟಿಕೆಟ್ ಕಿಟಕಿಯ ಪಕ್ಕ ಒಂದು ಹಾಳೆ ಅಂಟಿಸುತ್ತಿದ್ದಳು. ತಪ್ಪುಗಳ ಪಟ್ಟಿ, ಕೆಳಗೆ ಕೆಂಪಿನಲ್ಲಿ ಇಪ್ಪತ್ತಕ್ಕೆ ಇಷ್ಟು ಅಂತ ಅಂಕ, ಶಾಲೆಯಲ್ಲಿ ಕೊಡುವ ಹಾಗೆಯೇ. ಏಳರ ಮೇಲೆ ಯಾವ ಚಿತ್ರವೂ ಹೋಗಿಲ್ಲ. ಅಂಕ ಕಡಿಮೆಯಾದಷ್ಟೂ ಅರ್ಗೀರಿಸನಿಗೆ ಸಂತೋಷ. ಎಷ್ಟು ಕೆಟ್ಟದಾಗಿದೆ ಅಂತ ನೋಡಲು ಊರೇ ಬರುತ್ತಿತ್ತು.

“ಅವ್ರ ಬದಲು ನೀನೇ ಬರಿ,” ಎಂದ. “ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀಯ. ನಿಂಗೇ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?”

ಆಗಲಿ ಎಂದುಬಿಟ್ಟೆ. ಬಾಯಿಗೆ ಬೀಗ ಹಾಕಬೇಕು ನನಗೆ.

ಜೂನ್ ೧೬, ಭಾನುವಾರ

ಇದನ್ನು ಇನ್ನೊಬ್ಬರು ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಪರದೆಯ ಕೆಳಗೆ ಬರುವ ಸಬ್‌ಟೈಟಲ್ ನನಗೆ ಓದಲು ಆಗುವುದಿಲ್ಲ. ಮೊದಲ ಪದ ಹಿಡಿಯುವಷ್ಟರಲ್ಲಿ ಸಾಲೇ ಮಾಯ. ಹೊರದೇಶದ ಚಿತ್ರಕ್ಕೆ ನಮ್ಮಲ್ಲಿ ಅದೊಂದೇ ದಾರಿ. ಅವರು ಅವರ ಭಾಷೆಯಲ್ಲಿ ಮಾತಾಡುತ್ತಾರೆ, ನಾವು ಓದಿಕೊಳ್ಳುತ್ತೇವೆ. ಊರಿನವರೆಲ್ಲ ಓದಿಕೊಳ್ಳುತ್ತಾರೆ. ಆರನೇ ಕ್ಲಾಸಿನ ಚಿಳ್ಳೆ ಓದಿಕೊಳ್ಳುತ್ತಾನೆ.

ಎವಂಥಿಯಾ ನನ್ನ ಕಿವಿಗೆ ಓದುತ್ತಿದ್ದಳು. ಬಾಲ್ಕನಿಯಲ್ಲಿ ಎರಡು ಕುರ್ಚಿ, ಅವಳದು ನನ್ನ ಎಡಗಡೆ. ಬಲಗಿವಿಯನ್ನು ಹಡಗಿನ ಇಂಜಿನ್ನು ತಿಂದುಹಾಕಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಿಸುಗುಟ್ಟುತ್ತಿದ್ದಳು. ಕೆಳಗಿನ ಮನೆಯ ಮೆರೋಪಿ ಅಡುಗೆಮನೆ ಕಿಟಕಿಯಿಂದ, “ಮೇಲ್ಗಡೆ ಪಾರಿವಾಳ ಗೂಡು ಕಟ್ಟಿದ್ಯಾ?” ಎಂದು ಬೈಯುತ್ತಿದ್ದಳು. ನನಗೆ ಓದು ಬರದೆಂದು ಯಾರಿಗೂ ಗೊತ್ತಾಗದಿರಲೆಂದೇ ನಾವು ಕೆಳಗೆ ಹೋಗಿ ಕೂರುತ್ತಿರಲಿಲ್ಲ. ಟೀಚರಿಗೆ ಜಂಬ, ಜನರ ಜೊತೆ ಕೂರುವುದಿಲ್ಲ ಅಂತ ಬೀದಿಯವರು ಆಡಿಕೊಂಡರು. ಅವಳು ಆಡಿಕೊಳ್ಳಲು ಬಿಟ್ಟಳು.

ಜೂನ್ ೨೩, ಭಾನುವಾರ

ಇವತ್ತಿನದು ಪೊಲೀಸ್ ಚಿತ್ರ. ಅಭ್ಯಾಸ ಮಾಡಿದೆ. ಒಂದು ಸಾಲಿಗೆ ಎರಡು ಪದ ಸಿಕ್ಕವು, ಒಮ್ಮೆ ಮೂರು. ಯಾರು ಕೊಂದದ್ದೆಂದು ತಿಳಿಯಲಿಲ್ಲ.

ಜೂನ್ ೨೭, ಗುರುವಾರ

ಮತ್ತೆ ಎರಡೇ ಪದ. ಎಡಗಡೆ ಕುರ್ಚಿಯನ್ನು ಒಳಗೆ ಇಟ್ಟೆ. ಆಮೇಲೆ ಬಾಲ್ಕನಿ ಬೋಳು ಅನ್ನಿಸಿ ವಾಪಸು ತಂದಿಟ್ಟೆ.

ಜುಲೈ ೬, ಶನಿವಾರ

ನಿನ್ನೆ ಆ ಚಿತ್ರ ಬಂತು. ಮಾನ ಹೋಯಿತು.

ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಗೋಡೆಯ ಮೇಲೆ ಕೂಡ ಹುಡುಗರು ಹತ್ತಿ ಕೂತಿದ್ದರು. ಕುಂಬಳಬೀಜ ಒಡೆಯುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ನಮ್ಮ ಜನ ಬೇರೆ ಚಿತ್ರವನ್ನು ನೋಡುವುದೇ ಒಂದು ರೀತಿ, ಈ ಕಾವ್ಯದ ಚಿತ್ರವನ್ನು ನೋಡುವುದೇ ಒಂದು ರೀತಿ. ಹೈಸ್ಕೂಲಿನ ಮೊದಲ ವರ್ಷ ಎಲ್ಲರಿಗೂ ಅದೇ ಪಾಠ. ಹಾಗಾಗಿ ಎಲ್ಲರೂ ಕೆಂಪು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡೇ ಬರುತ್ತಾರೆ.

ರಾಜನ ಹಡಗು ಕಂಡದ್ದೇ ತಡ, ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಕಪ್ತಾನ ಎದ್ದು ನಿಂತ. “ಈ ಗಾಳಿಗೆ ಹಾಯಿ ಬಿಚ್ತಾನಂತೆ! ಬಂದರು ದಾಟೋಕೂ ಆಗಲ್ಲ ಕಣೋ ನಿಂಗೆ, ಊರು ಮುಟ್ತೀಯಾ?”

“ಹಲ್ಲು ನೋಡ್ರೇ ಅವನ್ದು!” ಅದು ಮೆರೋಪಿಯ ಗಂಟಲು. “ಹತ್ತು ವರ್ಷ ಉಪ್ಪುನೀರಲ್ಲಿ ಬಿದ್ದಿದ್ದೋನ ಹಲ್ಲಾ ಅದು? ನನ್ನ ದಂತವೈದ್ಯನಿಗೆ ತೋರಿಸ್ಬೇಕು.”

ರಾಣಿ ಬಂದಾಗ ಹೆಂಗಸರೆಲ್ಲ ಹೋ ಎಂದರು. ಯುದ್ಧಕ್ಕೆ ಹತ್ತು, ಸಮುದ್ರಕ್ಕೆ ಹತ್ತು, ಒಟ್ಟು ಇಪ್ಪತ್ತು ವರ್ಷ ಕಾದವಳ ಮುಖದಲ್ಲಿ ಒಂದು ಗೆರೆಯಿಲ್ಲ. ಕಾವ್ಯದಲ್ಲಿ ಯಜಮಾನನನ್ನು ಕಂಡೊಡನೆ ಪ್ರಾಣ ಬಿಡುವ ಮುದಿ ನಾಯಿ ಇಲ್ಲಿ ಸಾಯಲಿಲ್ಲ, ಬಾಲ ಅಲ್ಲಾಡಿಸುತ್ತಾ ಎದ್ದು ಬಂತು. ಆಗಂತೂ ಕಿಚ್ಚು ಹೊತ್ತಿಕೊಂಡಿತು. “ಸಾಯ್ಬೇಕು! ಅದು ಸಾಯ್ಲೇಬೇಕು!” ಎಂದು ಮುದುಕರು ಮಕ್ಕಳು ಒಟ್ಟಿಗೆ ಕೂಗಿದರು. ಪಾಪದ ನಾಯಿಯ ಸಾವಿಗೆ ಅಷ್ಟು ಜನ ಹಟ ಹಿಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನಗೆ ಮಾತು ಒಂದೂ ಹತ್ತಲಿಲ್ಲ. ಬಾಯಿಗಳು ತೆರೆದವು, ಮುಚ್ಚಿದವು. ಇಷ್ಟು ವರ್ಷದಲ್ಲಿ ಈ ಕಥೆ ಮೊದಲ ಬಾರಿಗೆ ನನಗೆ ಅರ್ಥವಾಗಲಿಲ್ಲ.

ಮಧ್ಯಂತರದಲ್ಲಿ ದೀಪ ಹತ್ತಿದಾಗ ಅರ್ಗೀರಿಸ್ ಕೆಳಗಿನಿಂದ ಕೂಗಿದ. “ಏನ್ ಸ್ತೆರ್ಯೋ, ಎಷ್ಟು? ಇಪ್ಪತ್ತಕ್ಕೆ?”

ಇನ್ನೂರು ಮುಖಗಳು ಮೇಲೆ ತಿರುಗಿದವು. ನಾನು, “ಹಳೇದೇ ಚೆನ್ನಾಗಿತ್ತು,” ಎಂದೆ.

“ಯಾವ ಹಳೇದು?”

“ಎಂಬತ್ತೇಳರಲ್ಲಿ ಹಾಕಿದ್ದೆಯಲ್ಲ, ಇದೇ ಕಥೆ.”

“ಅಯ್ಯೋ, ಅದಕ್ಕೆ ಟೀಚರಮ್ಮ ನಾಲ್ಕು ಕೊಟ್ಟಿದ್ರು!”

“ಕೊಟ್ಟಿರಬಹುದು. ಅವಳಿಗೆ ಎಷ್ಟು ಸರಿಯಿದ್ರೂ ಸಾಲ್ತಿರಲಿಲ್ಲ. ಆ ಪಿಕ್ಚರಲ್ಲಿ ಕಾವ್ಯ ಇದ್ದ ಹಾಗೇ ಇತ್ತು. ರಾಜ ಬಾಗಿಲಿಗೆ ಬಂದಾಗ ರಾಣಿ ಏನು ಹೇಳ್ತಾಳೆ, ನೆನಪಿದ್ಯಾ ಯಾರಿಗಾದ್ರೂ?”

ಯಾರಿಗೂ ನೆನಪಿರಲಿಲ್ಲ. ನಾನೇ ಹೇಳಿದೆ. ಮೂವತ್ತೆರಡು ವರ್ಷವಾದರೂ ಒಂದಕ್ಷರ ಮರೆತಿಲ್ಲ: ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಎಂದು ಸುಳ್ಳು ಹೇಳಲಾರೆ. ಬರದೇ ಹೋಗಿದ್ದರೂ ನಾನು ಇದೇ ಮನೆಯಲ್ಲಿ ಇರುತ್ತಿದ್ದೆ. ಅದನ್ನು ಮಾತ್ರ ನೀನು ಯಾವತ್ತೂ ಕೇಳಲಿಲ್ಲ.

ಮೆರೋಪಿ, “ಅಂಥ ಮಾತೇ ಇರಲಿಲ್ಲಪ್ಪ,” ಎಂದಳು. “ಅವತ್ತು ನಾನು ಮೂರನೇ ಸಾಲಲ್ಲಿದ್ದೆ. ಅವಳು ಬಾಯೇ ಬಿಡಲ್ಲ.”

“ನಿನಗೆ ಮರೆವು.”

“ನನಗಾ? ನಿನ್ನ ಮದುವೇಲಿ ನೀನು ಯಾವ ಸಾಕ್ಸ್ ಹಾಕಿದ್ದೆ ಅಂತ ಹೇಳ್ಲಾ?”

ಜನ ನಕ್ಕರು. ಎವಂಥಿಯಾಳ ಜಾಗಕ್ಕೆ ಶಾಲೆಗೆ ಬಂದಿರುವ ಹುಡುಗಿ ರೊದಾಂಥಿ ಮೆಲ್ಲಗೆ, “ಅಂಕಲ್, ನಾನು ಆ ಚಿತ್ರ ಮೊಬೈಲಲ್ಲಿ ನೋಡಿದೀನಿ, ಆ ಮಾತು ಇಲ್ಲ ಅನ್ಸತ್ತೆ,” ಎಂದಳು. ಅನ್ಸತ್ತೆ! ನಾನು ರೇಗಿದೆ. ಟೀಚರ ಗಂಡ ಸುಳ್ಳು ಹೇಳುತ್ತಾನೆಯೇ, ಆ ಚಿತ್ರವನ್ನೇ ತಂದು ಹಾಕಿ ನೋಡಿ, ಎಂದೆ. ಅರ್ಗೀರಿಸನ ಕಣ್ಣು ಹೊಳೆಯಿತು. ಆಗಸ್ಟ್ ಎಂಟಕ್ಕೆ ತರಿಸುತ್ತೇನೆ, ಸೋತವರು ಗೆದ್ದವರಿಗೆ ಸಿಪುರೋ ಸಾರಾಯಿ ಕುಡಿಸಬೇಕು ಎಂದು ಘೋಷಿಸಿಬಿಟ್ಟ.

ಜುಲೈ ೭, ಭಾನುವಾರ

ಹೊರಗೆ ಹೋಗಲಿಲ್ಲ. ಹುರುಳಿಕಾಯಿ ಸೀದುಹೋಯಿತು. ಅದನ್ನೇ ತಿಂದೆ.

ಜುಲೈ ೧೨, ಶುಕ್ರವಾರ

ಅವಳು ಅಂಟಿಸಿದ ಹಾಳೆಗಳೆಲ್ಲ ಒಂದು ರಟ್ಟಿನ ಫೈಲಿನಲ್ಲಿವೆ. ಎಂಬತ್ತೇಳರದು ಸಿಕ್ಕಿತು. ಅವಳ ಅಕ್ಷರ ಮುದ್ರಿಸಿದ ಹಾಗಿರುವುದರಿಂದ ನನಗೆ ಸುಲಭ, ಆದರೂ ಒಂದು ಪುಟಕ್ಕೆ ಇಡೀ ಬೆಳಗ್ಗೆ ಹಿಡಿಯಿತು. ಹದಿನೇಳು ತಪ್ಪುಗಳು. ಒಂಟಿಕಣ್ಣಿನ ದೈತ್ಯನಿಗೆ ಎರಡು ಹುಬ್ಬು. ರಾಜ ಕುಡಿಯುವ ಬಟ್ಟಲು ಸಾವಿರ ವರ್ಷ ಆಮೇಲಿನದು. ಹೀಗೆ.

ಹದಿನೇಳನೆಯದು: “ಗಂಡ ಮನೆ ಬಾಗಿಲಿಗೆ ಬಂದಾಗ ರಾಣಿಗೆ ಒಂದೂ ಮಾತು ಕೊಟ್ಟಿಲ್ಲ. ಅಷ್ಟು ವರ್ಷ ಕಾದವಳಿಗೆ ಹೇಳಲು ಏನೂ ಇರಲಿಲ್ಲವೇ?”

ಎರಡು ಸಲ ಓದಿದೆ. ಬೇರೆ ಯಾವುದೋ ಬಾಗಿಲಿನ ವಿಷಯವಿರಬೇಕು. ಇಲ್ಲವೇ ಅವಸರದಲ್ಲಿ ಬರೆದಿರಬೇಕು. ಎವಂಥಿಯಾ ಅವಸರದಲ್ಲಿ ಬರೆದವಳಲ್ಲ. ಆದರೂ ಮನುಷ್ಯರಲ್ಲವೇ.

ನನಗೆ ಅವಳ ಹಾಳೆಗಳು ಯಾವತ್ತೂ ಅರ್ಥವಾಗಿರಲಿಲ್ಲ. ಬಾಲ್ಕನಿಯಲ್ಲಿ ಕೂತು ಕೇಳುವಾಗ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಮಾತು ಚೆಂದ, ಕಥೆ ಚೆಂದ, ನನಗೆ ಕಣ್ಣೀರೂ ಬಂದಿರುತ್ತಿತ್ತು. ಮಾರನೆಯ ದಿನ ನೋಡಿದರೆ ಇಪ್ಪತ್ತಕ್ಕೆ ಮೂರು! “ಏನೇ, ಇಷ್ಟು ಕಲ್ಲುಮನಸ್ಸಾ ನಿಂದು?” ಎಂದು ಕೇಳುತ್ತಿದ್ದೆ. ಅವಳು ನಗುತ್ತಿದ್ದಳು. “ನೀನು ನೋಡಿದ ಪಿಕ್ಚರೇ ಬೇರೆ ಬಿಡು,” ಎನ್ನುತ್ತಿದ್ದಳು.

ಜುಲೈ ೨೦, ಶನಿವಾರ

ಪ್ರವಾದಿ ಎಲಿಯಾಸನ ಹಬ್ಬ. ಬೆಟ್ಟದ ಮೇಲಿನ ಚಿಕ್ಕ ಚರ್ಚಿನಿಂದ ಗಂಟೆ ಕೇಳಿಸಿತು. ಸೆಖೆಗೆ ನಿದ್ದೆ ಬರಲಿಲ್ಲ.

ಹಡಗಿನ ವಿಷಯ ಬರೆದುಬಿಡುತ್ತೇನೆ. ಎಂಬತ್ತಮೂರರಲ್ಲಿ ನಾನು ಎಂಟು ತಿಂಗಳಿಗೆಂದು ಹಡಗು ಹತ್ತಿದೆ, ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವನಾಗಿ. ಎರಡು ವರ್ಷ ಮೂರು ತಿಂಗಳು ಬರಲಿಲ್ಲ. ಒಂದು ಹಡಗು ಬಿಟ್ಟು ಇನ್ನೊಂದು ಹತ್ತಿದೆ. ಮೊದಲು ಅವಳ ಪತ್ರಗಳು ಬರುತ್ತಿದ್ದವು, ಉದ್ದುದ್ದ. ಓದಿ ಮುಗಿಸಲು ನನಗೆ ವಾರ ಬೇಕು. ಉತ್ತರ ಬರೆಯಲು ಕೂತರೆ ಬೆವರು. ಟೀಚರಿಗೆ ತಪ್ಪುತಪ್ಪಾಗಿ ಹೇಗೆ ಬರೆಯುವುದು? ಜೊತೆಯವರ ಹತ್ತಿರ ಬರೆಸಲು ಮಾನ ಬಿಡಲಿಲ್ಲ. ನಾಳೆ ಬರೆದರಾಯಿತು, ಮುಂದಿನ ಬಂದರಿನಲ್ಲಿ ಬರೆದರಾಯಿತು ಎಂದು ತಳ್ಳಿದೆ. ಆರು ತಿಂಗಳು ಕಳೆದ ಮೇಲೆ ಏನೆಂದು ಶುರು ಮಾಡುವುದೆಂದು ತಿಳಿಯಲಿಲ್ಲ. ಬರೆಯದಿದ್ದವನು ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಹಾಗಾಗಿ ಹೋಗಲೂ ಇಲ್ಲ. ಬೇರೆ ಹೆಣ್ಣಿಲ್ಲ, ಕುಡಿತವಿಲ್ಲ. ಬರೀ ನಾಚಿಕೆ. ಇದನ್ನು ಯಾರು ನಂಬುತ್ತಾರೆ?

ಊರಿನವರು ಅವಳಿಗೆ, ಅವನು ಎಲ್ಲೋ ಇನ್ನೊಂದು ಸಂಸಾರ ಹೂಡಿದ್ದಾನೆ, ಬಿಟ್ಟಾಕು ಎಂದರಂತೆ. ಅವಳ ಅಣ್ಣ ವಕೀಲರನ್ನೂ ಕರೆತಂದಿದ್ದನಂತೆ.

ಕೊನೆಗೆ ಒಂದು ಮಧ್ಯಾಹ್ನ ಬಂದು ಬಾಗಿಲು ತಟ್ಟಿದೆ. ತೆರೆದಳು. ನೋಡಿದಳು. “ಕಾಲು ಒರೆಸ್ಕೊಂಡು ಬಾ, ನೆಲ ಈಗ ತಾನೇ ತೊಳ್ದಿದೀನಿ,” ಎಂದಳು. ಅಷ್ಟೇ. ಅವತ್ತೂ ಆಮೇಲೂ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮತ್ತೆ ಸಮುದ್ರಕ್ಕೆ ಹೋಗಲಿಲ್ಲ, ಊರಿನಲ್ಲೇ ಕೊಳಾಯಿ ರಿಪೇರಿ ಹಿಡಿದೆ. ಅವಳ ಒಳಗೆ ಏನಿತ್ತು ಅಂತ ಮೂವತ್ತನಾಲ್ಕು ವರ್ಷ ನನಗೆ ಗೊತ್ತಾಗಲಿಲ್ಲ. ಸಿಟ್ಟಿತ್ತೇ? ಕನಿಕರದಿಂದ ಇಟ್ಟುಕೊಂಡಳೇ? ಆಸ್ಪತ್ರೆಯಲ್ಲಿ ಕೊನೆಯ ವಾರ ಕೇಳಬೇಕೆಂದು ದಿನಾ ಬಾಯಿಯವರೆಗೆ ತಂದೆ. ಪ್ರತಿದಿನವೂ ಬೇರೆ ಏನೋ ಕೇಳಿದೆ. ನೀರು ಬೇಕಾ, ದಿಂಬು ಎತ್ತಲಾ.

ಜುಲೈ ೨೮, ಭಾನುವಾರ

ಮೆರೋಪಿ ಅಕ್ಕಿ ತುಂಬಿದ ಟೊಮೇಟೊ ತಂದುಕೊಟ್ಟಳು. ಒಳಗೆ ಬಾ ಎನ್ನುವ ಮೊದಲೇ ಬಂದು ಕೂತಿದ್ದಳು.

“ಉಪ್ಪು ಕಮ್ಮಿ, ನಿಂಗೆ ಬಿ.ಪಿ. ಇದೆ ಅಂತ. ಎಂಟನೇ ತಾರೀಕು ಕೆಳಗೆ ಬಾ. ನನ್ನ ಪಕ್ಕ ಕುರ್ಚಿ ಹಿಡಿದಿಡ್ತೀನಿ. ಮೇಲಿಂದ ದೇವರ ಥರ ನೋಡ್ಬೇಡ.”

“ಆ ಕುರ್ಚಿ ನನ್ನ ಬೆನ್ನಿಗೆ ಆಗಿ ಬರಲ್ಲ.”

“ಬೆನ್ನಂತೆ! ಎವಂಥಿಯಾಗೆ ಎಷ್ಟು ಆಸೆ ಇತ್ತು ಗೊತ್ತಾ ಕೆಳಗೆ ಕೂರಬೇಕು ಅಂತ? ಕಾಲಡಿ ಜಲ್ಲಿ ಕಿರಕಿರ ಅನ್ನೋದು ಕೇಳೋಕೆ ಇಷ್ಟ ಅಂತಿದ್ಲು. ನೀನು ಎಳ್ಕೊಂಡು ಮೇಲಿಟ್ಕೊಂಡೆ.”

ನನಗೆ ಗೊತ್ತಿರಲಿಲ್ಲ. ಟೊಮೇಟೊ ಚೆನ್ನಾಗಿತ್ತು. ತಟ್ಟೆ ತೊಳೆದಿಟ್ಟಿದ್ದೇನೆ.

ಆಗಸ್ಟ್ ೯, ಶುಕ್ರವಾರ

ಅವಳು ಹೋಗಿ ಇವತ್ತಿಗೆ ಆರು ತಿಂಗಳು. ಬೆಳಗ್ಗೆ ಪಾದ್ರಿಯ ಪ್ರಾರ್ಥನೆ, ಸಕ್ಕರೆ ಹಾಕಿದ ಬೇಯಿಸಿದ ಗೋಧಿ ಹಂಚಿದ್ದು ಎಲ್ಲ ಆಯಿತು. ಬಂದವರೆಲ್ಲ ನಿನ್ನೆಯ ವಿಷಯ ಎತ್ತದಂತೆ ಜಾಗ್ರತೆಯಾಗಿದ್ದರು. ಅದಕ್ಕೇ ನಿನ್ನೆಯದನ್ನು ಬರೆಯುತ್ತೇನೆ.

ಕೆಳಗೆ ಹೋದೆ. ಮೆರೋಪಿ ಹೇಳಿದಂತೆ ಕುರ್ಚಿ ಹಿಡಿದಿದ್ದಳು, ಎಡಗಡೆ ಅವಳೇ ಕೂತಳು. ಜನ ನನ್ನ ಬೆನ್ನು ತಟ್ಟಿದರು, ಸಿಪುರೋಗೆ ತಯಾರಾ ಎಂದರು. ದೀಪ ಆರಿತು. ರಾಜ ಬಾಯಿ ತೆರೆದ. ಕೆಳಗೆ ಅಕ್ಷರ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಮೇಲೆ ಕೂತಾಗ ಕತ್ತಲಲ್ಲಿ ಒಬ್ಬನೇ ಇರುತ್ತೇನೆ, ಗೊತ್ತಾಗದಿದ್ದರೆ ಕಣ್ಣು ಮುಚ್ಚಬಹುದು. ಇಲ್ಲಿ ಎಲ್ಲರೂ ಒಟ್ಟಿಗೆ ನಕ್ಕಾಗ ನಾನು ಒಂದು ಉಸಿರು ತಡವಾಗಿ ನಗಬೇಕು. ಹತ್ತು ನಿಮಿಷ ಹಾಗೆ ನಕ್ಕೆ. ಆಮೇಲೆ ಸುಸ್ತಾಯಿತು.

“ಮೆರೋಪಿ,” ಎಂದೆ. “ನಂಗೆ ಅಷ್ಟು ಬೇಗ ಓದೋಕೆ ಬರಲ್ಲ.”

ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಅವಳು ತಲೆ ಕೂಡ ತಿರುಗಿಸಲಿಲ್ಲ.

“ಗೊತ್ತು ಮಾರಾಯ. ಪಾರಿವಾಳ ಸುಮ್ಸುಮ್ನೆ ಗುಟುರು ಹಾಕತ್ತಾ? ಆ ಕಿವಿ ಈಚೆ ಕೊಡು.”

ಓದತೊಡಗಿದಳು. ಎವಂಥಿಯಾಳ ಹಾಗಲ್ಲ, ಮಾರುಕಟ್ಟೆಯಲ್ಲಿ ಮೀನು ಚೌಕಾಸಿ ಮಾಡುವ ಹಾಗೆ. ರಾಜ ದೇವತೆಯನ್ನು ಬೇಡಿಕೊಳ್ಳುವಾಗಲೂ ಇವಳ ಬಾಯಲ್ಲಿ ಜಗಳದಂತೆ ಕೇಳುತ್ತಿತ್ತು. ಆದರೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಮಾತೆಲ್ಲ ಗಿಡ್ಡ. “ಹೋಗೋಣ ನಡಿ.” “ನಾನು ದಣಿದಿದ್ದೇನೆ.” “ಬಿರುಗಾಳಿ ಬರ್ತಿದೆ.” ಅಷ್ಟೇನಾ, ಪೂರ್ತಿ ಓದು ಎಂದೆ. ಇದ್ದದ್ದೇ ಅಷ್ಟು ಎಂದಳು. ನನಗೆ ನೆನಪಿದ್ದದ್ದು ಬೇರೆ. ಬಿರುಗಾಳಿಗೆ ಮೊದಲು ರಾಜ ತನ್ನ ಜೊತೆಯವರಿಗೆ ಹೇಳಿದ್ದೆಲ್ಲ, ಮನೆಯ ಹೊಗೆ ದೂರದಿಂದ ಕಂಡರೂ ಸಾಕು ಎಂದು ಅತ್ತದ್ದೆಲ್ಲ ನನ್ನ ಕಿವಿಯಲ್ಲಿದೆ. ಪರದೆಯ ಮೇಲೆ ಎಲ್ಲೂ ಇಲ್ಲ. ಎವಂಥಿಯಾ ಓದುವಾಗ ಎಷ್ಟೋ ಸಲ ನಟನ ಬಾಯಿ ಮುಚ್ಚಿದ ಮೇಲೂ ಅವಳ ಸಾಲು ಮುಗಿದಿರುತ್ತಿರಲಿಲ್ಲ. ಅವರ ಭಾಷೆ ಚಿಕ್ಕದಿರಬೇಕು, ನಮ್ಮದು ಉದ್ದ ಎಂದುಕೊಂಡಿದ್ದೆ.

ಬಾಗಿಲಿನ ದೃಶ್ಯ ಬಂತು. ರಾಜ ನಿಂತ. ರಾಣಿ ಎದ್ದಳು, ನಡೆದು ಬಂದಳು, ಅವನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಕೆಳಗೆ ಅಕ್ಷರವೇ ಬರಲಿಲ್ಲ. ಬಾಗಿಲು ಮುಚ್ಚಿತು, ಕೋಳಿ ಕೂಗಿತು, ಬೆಳಗಾಯಿತು.

ಮೆರೋಪಿ ಓದಲು ಏನೂ ಇಲ್ಲದೆ ಸುಮ್ಮನೆ ಕೂತಿದ್ದಳು.

ಆಮೇಲೆ ನಗು ಎದ್ದಿತು. “ಸಿಪುರೋ! ಸಿಪುರೋ!” ಎಂದು ಕಪ್ತಾನ ಚಪ್ಪಾಳೆ ತಟ್ಟಿದ. ಕೆಟ್ಟ ನಗುವೇನಲ್ಲ. ಆದರೂ ನನಗೆ ಕೂರಲಾಗಲಿಲ್ಲ. ಎದ್ದು ಬಂದೆ. ಮೆಟ್ಟಿಲಿನ ಹತ್ತಿರ ಮೆರೋಪಿ ಏದುಸಿರು ಬಿಡುತ್ತಾ ಹಿಡಿದಳು.

“ಮುಟ್ಠಾಳ, ನಿಲ್ಲು. ನಾನು ಹೇಳ್ಬಾರ್ದು ಅಂತಿದ್ದೆ. ಅವಳು ಪೊಲೀಸ್ ಪಿಕ್ಚರಲ್ಲಿ ಇದ್ದದ್ದನ್ನೇ ಓದ್ತಿದ್ಲು. ಈ ಹಳೇ ಕಾಲದ್ದು ಬಂತೋ, ಮುಗೀತು, ಪರದೆ ಮೇಲೆ ಒಂದು, ಅವಳ ಬಾಯಲ್ಲಿ ಇನ್ನೊಂದು. ನಾನು ಕಿಟಕೀಲಿ ಅದನ್ನ ಓದಿ, ಇದನ್ನ ಕೇಳಿ ತಲೆ ಕೆಟ್ಟು ಬೈತಿದ್ದದ್ದು. ಒಂದಿನ ಕೇಳೇಬಿಟ್ಟೆ, ಯಾಕೇ ಹಿಂಗೆ ಮಾಡ್ತೀಯ ಅಂತ.”

“ಏನಂದ್ಲು?”

“ಅವನಿಗೆ ಈ ಕಥೆ ಗೊತ್ತಾಗೋದು ನನ್ನ ಬಾಯಿಂದ ಒಂದೇ, ತಪ್ಪಾಗಿ ಹೇಗೆ ಹೇಳ್ಲಿ ಅಂದ್ಲು.”

ಮನೆಗೆ ಬಂದೆ. ಇಷ್ಟು ವರ್ಷ ಊರೆಲ್ಲ ಬೈದ ಚಿತ್ರಗಳು ನನಗೊಬ್ಬನಿಗೆ ಯಾಕೆ ಚೆನ್ನಾಗಿದ್ದವು ಅಂತ ಈಗ ತಿಳಿಯಿತು. ನಾನು ಸೋತಿಲ್ಲ ಎಂದೂ ಅನ್ನಿಸಿತು. ಚಿತ್ರದಲ್ಲಿ ಇಲ್ಲದಿದ್ದರೆ ಕಾವ್ಯದಲ್ಲಿ ಇರುತ್ತದೆ. ಅವಳು ಅಲ್ಲಿಂದಲೇ ತೆಗೆದು ಹೇಳಿರುತ್ತಾಳೆ. ರೊದಾಂಥಿಗೆ ಫೋನು ಮಾಡಿ ಆ ಸಾಲು ಎಲ್ಲಿದೆ ಹುಡುಕಿಕೊಡು ಎಂದೆ.

ಆಗಸ್ಟ್ ೧೩, ಮಂಗಳವಾರ

ರೊದಾಂಥಿ ಬಂದಿದ್ದಳು. ಕಾಫಿ ಮಾಡಿಕೊಟ್ಟೆ, ಉಕ್ಕಿಹೋಯಿತು, ಅವಳೇ ಮತ್ತೆ ಮಾಡಿದಳು. ದಪ್ಪ ಪುಸ್ತಕ ತಂದಿದ್ದಳು, ಪುಟಗಳ ನಡುವೆ ಕಾಗದದ ಚೂರುಗಳು.

“ಅಂಕಲ್, ರಾಜ ಹೊಗೆಗೆ ಹಂಬಲಿಸೋದು ಇದೆ. ಬಿರುಗಾಳಿ ಮಾತುಗಳು ಇವೆ. ಟೀಚರ್ ನಿಮಗೆ ಹೇಳಿದ್ದೆಲ್ಲ ಹೆಚ್ಚುಕಮ್ಮಿ ಇಲ್ಲಿದೆ. ಪಾಠದಲ್ಲಿ ಇಲ್ಲದ ಭಾಗಗಳನ್ನೂ ಹೇಳಿದಾರೆ.”

“ರಾಣಿಯದು?”

“ಅದಿಲ್ಲ.”

“ಸರಿಯಾಗಿ ನೋಡಿದ್ಯಾ?”

“ಮೂರು ಸಲ. ಕಾವ್ಯದಲ್ಲಿ ರಾಣಿ ಅಷ್ಟು ಸುಲಭಕ್ಕೆ ನಂಬಲ್ಲ, ಅವನನ್ನ ಪರೀಕ್ಷೆ ಮಾಡ್ತಾಳೆ. ನೀವು ಹೇಳಿದ ಮಾತು ಎಲ್ಲೂ ಇಲ್ಲ.” ಅವಳು ಬಟ್ಟಲು ತಿರುಗಿಸುತ್ತಾ ಕೂತಳು. “ಆ ಮಾತೇ ಅಲ್ಲಿ ಹೊಂದಲ್ಲ ಅಂಕಲ್. ಆಗ ತಾನೇ ಬಾಗಿಲಿಗೆ ಬಂದವನಿಗೆ ‘ಯಾವತ್ತೂ ಕೇಳಲಿಲ್ಲ’ ಅಂತ ಯಾಕೆ ಹೇಳ್ತಾಳೆ? ಅವನು ಬಂದು ಒಂದು ನಿಮಿಷ ಆಗಿಲ್ಲ. ಹಾಗೆ ಹೇಳ್ಬೇಕಾದ್ರೆ ಬಂದು ವರ್ಷಗಳಾಗಿರಬೇಕಲ್ವಾ?”

ಕಾಫಿ ಕುಡಿದು ಹೋದಳು. ಒಳ್ಳೆಯ ಹುಡುಗಿ.

ಸಾಯಂಕಾಲದವರೆಗೂ ಅಲ್ಲೇ ಕೂತಿದ್ದೆ. ಎಂಬತ್ತೈದರಲ್ಲಿ ನಾನು ಬಂದದ್ದು. ಚಿತ್ರ ಬಂದದ್ದು ಎಂಬತ್ತೇಳರಲ್ಲಿ.

ಆಗಸ್ಟ್ ೧೭, ಶನಿವಾರ

ನಿನ್ನೆ ರಾತ್ರಿ ಕೆಳಗೆ ಹೋಗಿದ್ದೆ, ಮೆರೋಪಿ ಬಂದು ಬಾಗಿಲು ಬಡಿದಳು ಅಂತ. ಸೋತ ಸಿಪುರೋವನ್ನು ಮೊನ್ನೆಯೇ ಕುಡಿಸಿದ್ದೇನೆ. ಕಪ್ತಾನ ನಾಲ್ಕು ಸುತ್ತು ಕುಡಿದು, ಎರಡು ವರ್ಷ ತಾನೂ ಮನೆಗೆ ಪತ್ರ ಬರೆದಿರಲಿಲ್ಲ ಎಂದು ನನ್ನ ಹೆಗಲ ಮೇಲೆ ಅತ್ತ. ನಾನು ಕೇಳಿರಲೇ ಇಲ್ಲ. ನಿನ್ನೆಯದು ಕಳ್ಳರ ಚಿತ್ರ. ಬ್ಯಾಂಕಿನವನು, “ಬೀಗದ ಕೈ ಇಲ್ಲ, ಮ್ಯಾನೇಜರು ರಜೆ” ಎಂದದ್ದನ್ನು ನಾನೇ ಓದಿಕೊಂಡು ನಕ್ಕೆ. ಮೆರೋಪಿ ಆಮೇಲೆ ಅದನ್ನು ಓದಿದಳು, ಯಾವಾಗಲೂ ತಡ ಅವಳು.

ಅರ್ಗೀರಿಸ್ ಹೊಸ ಚಿತ್ರದ ಚೀಟಿ ಇನ್ನೂ ಬೇಕು ಎನ್ನುತ್ತಿದ್ದಾನೆ, ಸೆಪ್ಟೆಂಬರಿನಲ್ಲಿ ಮತ್ತೆ ಹಾಕುತ್ತಾನಂತೆ. ಅಂಕ ಕೊಡಲು ನಾನು ಯಾರು? ನಾಯಿ ಬದುಕಿದ್ದು ನನಗೆ ಇಷ್ಟವಾಯಿತು ಎಂದು ಬರೆದುಕೊಡುತ್ತೇನೆ. ಬೇಕಾದರೆ ಅಂಟಿಸಲಿ.

ಒಂದು ವಿಷಯ ಬರೆಯುವುದು ಬಿಟ್ಟಿದ್ದೇನೆ. ನಾಲ್ಕು ದಿನದಿಂದ ಪೆನ್ನು ಹಿಡಿದು ಇಲ್ಲಿಯವರೆಗೆ ಬಂದು ನಿಲ್ಲುತ್ತೇನೆ.

ಎಂಬತ್ತೇಳರ ಆ ರಾತ್ರಿ ಅವಳು ಆ ಮಾತು ಹೇಳಿದಾಗ ನಾನು ಏನಂದೆ? ನೆನಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಾತು ನೆನಪಿರುವವನಿಗೆ ಉತ್ತರವೂ ನೆನಪಿರುತ್ತದೆ.

ಪರದೆಯ ಮೇಲೆ ರಾಣಿ ನೋಡುತ್ತಾ ನಿಂತಿದ್ದಳು. ಎವಂಥಿಯಾ ನನ್ನ ಕಿವಿಯ ಹತ್ತಿರ ಬಂದಳು. ಮಾಮೂಲಿಗಿಂತ ಮೆಲ್ಲಗೆ ಹೇಳಿದಳು. ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಎಂದು ಸುಳ್ಳು ಹೇಳಲಾರೆ. ಬರದೇ ಹೋಗಿದ್ದರೂ ನಾನು ಇದೇ ಮನೆಯಲ್ಲಿ ಇರುತ್ತಿದ್ದೆ. ಅದನ್ನು ಮಾತ್ರ ನೀನು ಯಾವತ್ತೂ ಕೇಳಲಿಲ್ಲ.

ನಾನು ಪರದೆಯಿಂದ ಕಣ್ಣು ತೆಗೆಯದೆ, “ಯಾರು ಬರ್ದಿದಾನೋ, ಚೆನ್ನಾಗಿ ಬರ್ದಿದಾನೆ,” ಎಂದೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮುಂದಿನ ಸಾಲು ಓದಿದಳು.